ಮೊದಲು ಮಾತಾಡಿಸಬೇಕು

ಬಿಸಿಲುಬದಿ
೧೨ ಆಗಸ್ಟ್ ೧೯೮೬

ನೆರಳುಬದಿ ಬೇಟೆಕಾಡಿನ ಗುತ್ತಿಗೆದಾರರಾದ ಶ್ರೀಮತಿ ನೋಟ್ಬುರ್ಗಾ ಕೋಫ್ಲರ್ ಅವರಿಗೆ,

ಹೊಳೆಯ ಈಚೆಗಿನ ಬಿಸಿಲುಬದಿ ಕಾಡಿನ ಗುತ್ತಿಗೆದಾರನಾಗಿ ತಮ್ಮ ಗಮನಕ್ಕೆ ತರುವುದೇನೆಂದರೆ, ಈ ಸಲ ನನ್ನ ಪಾಲಿನ ಜಿಂಕೆಗಳಲ್ಲಿ ಒಂದು ಮುದಿ ಹೆಣ್ಣನ್ನು ಹೊಡೆದು ತೆಗೆಯಬೇಕಾಗಿದೆ. ತಮ್ಮ ಕಡೆಯಿಂದ ಹೊಳೆ ದಾಟಿ ನನ್ನ ಕಡೆ ಮೇಯಲು ಬರುವ ಎರಡು ಮುದಿ ಹೆಣ್ಣುಗಳು ತಮಗೆ ಗೊತ್ತಿರುವವೇ. ಒಂದು, ಎಡಗಿವಿ ಸೀಳಿದ್ದಕ್ಕೆ ಊರವರು ಸೀಳುಗಿವಿ ಎನ್ನುವುದು. ಇನ್ನೊಂದು ಬೂದಿಮೂತಿ. ಇವೆರಡರ ನಡುವೆ ತಡವಾಗಿ ಹುಟ್ಟಿದ ಒಂದೇ ಒಂದು ಮರಿ ಓಡಾಡುತ್ತಿದೆ.

ಮರಿ ಬೂದಿಮೂತಿಯದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಸೀಳುಗಿವಿಯನ್ನು ತೆಗೆಯಲು ಉದ್ದೇಶಿಸಿದ್ದೇನೆ. ತಮಗೆ ಬೇರೆ ಏನಾದರೂ ತಿಳಿದಿದ್ದಲ್ಲಿ ಬರಹದಲ್ಲಿ ತಿಳಿಸುವುದು. ಅಂಚೆಯ ಎರ್ನಾ ಕೈಯಲ್ಲಿ ಕೊಟ್ಟರೆ ಸಾಕು, ಖುದ್ದಾಗಿ ಬರುವ ಅಗತ್ಯವಿಲ್ಲ.

ತಮ್ಮ ವಿಧೇಯ,
ವೆಂಡೆಲಿನ್ ರೈನರ್


ನೆರಳುಬದಿ
೧೫ ಆಗಸ್ಟ್, ಮಾತೆಯ ಹಬ್ಬ

ಲೋ ವೆಂಡೆಲಿನ್,

ಹನ್ನೊಂದು ವರ್ಷದ ಮೇಲೆ ನಿನ್ನ ಕಾಗದ ಬಂತೆಂದು ಕೈಯ ಹಿಟ್ಟು ತೊಳೆದುಕೊಂಡು, ಕನ್ನಡಕ ಒರೆಸಿಕೊಂಡು ಕೂತರೆ 'ಗಮನಕ್ಕೆ ತರುವುದೇನೆಂದರೆ' ಅಂತೆ! ನಿನ್ನ ಮೂಗು ಒರೆಸಿ ಬೆಳೆಸಿದವಳಿಗೆ 'ಶ್ರೀಮತಿ' ಅಂತೆ! ಕೊನೆಗೆ 'ತಮ್ಮ ವಿಧೇಯ' ಎಂದು ಬೇರೆ. ಅಲ್ಲಯ್ಯ, ಆ ಮೊದಲ ಪದಕ್ಕೇ ನಿಲ್ಲಿಸಿದ್ದರೆ ಆಗುತ್ತಿರಲಿಲ್ಲವೇ? ವಿಧೇಯ ನೀನು ಯಾವ ಕಾಲಕ್ಕೂ ಆಗಿದ್ದವನಲ್ಲ, ತಮ್ಮ ಮಾತ್ರ ಹುಟ್ಟಿದಾಗಿನಿಂದ ಹೌದು.

ಬೆಳಿಗ್ಗೆ ಚರ್ಚಿನಲ್ಲಿ ನೀನು ನನ್ನ ಎದುರು ಸಾಲಿನಲ್ಲೇ ಕೂತಿದ್ದೆ. ಒಂದು ಸಲವಾದರೂ ಈ ಕಡೆ ತಿರುಗಿದೆಯಾ? ಒಂದು ಕೆಂಪು ಚುಕ್ಕೆಗೆ ಇಷ್ಟು ವರ್ಷದ ಸಿಟ್ಟು! ಕೇಳು, ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ವರ್ಷದ ಬೇಟೆಯ ಕೊಂಬುಗಳನ್ನೆಲ್ಲ ವಸಂತದಲ್ಲಿ ಹೋಟೆಲಿನ ಹಜಾರದ ಗೋಡೆಗೆ ತೂಗುಹಾಕುವುದು ಯಾತಕ್ಕೆ? ಕೆಳದವಡೆಯನ್ನು ಪಕ್ಕದಲ್ಲಿಡುವುದು ಯಾತಕ್ಕೆ? ಹಲ್ಲು ನೋಡಿ ವಯಸ್ಸು ಹೇಳುವುದಕ್ಕೆ. ಸರಿಯಾದ ಪ್ರಾಣಿಯನ್ನು ಹೊಡೆದವನಿಗೆ ಹಸಿರು ಚುಕ್ಕೆ, ಹೊಡೆಯಬಾರದ್ದನ್ನು ಹೊಡೆದವನಿಗೆ ಕೆಂಪು. ನೀನು ಮುದಿಯೆಂದು ತಂದ ಗಂಡಿಗೆ ನಡುವಯಸ್ಸಿನ ಹಲ್ಲಿತ್ತು. ನಡುವಯಸ್ಸಿನವನ್ನು ಮುಟ್ಟಕೂಡದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ವರ್ಷ ಹಲ್ಲು ನೋಡಲು ಕೂರಿಸಿದ್ದು ನನ್ನನ್ನು. ತಮ್ಮನೆಂದು ಹಸಿರು ಅಂಟಿಸಿದ್ದರೆ ಊರು ನಗುತ್ತಿತ್ತು, ಅಪ್ಪ ಗೋರಿಯಲ್ಲಿ ಮಗ್ಗುಲು ಬದಲಿಸುತ್ತಿದ್ದ.

ಈಗ ನಿನ್ನ ಮುದುಕಿಯರ ವಿಷಯ. ನೀನು ಮಾತಾಡಿಸಿದಂತೆ ಕಾಣುವುದಿಲ್ಲ. ಅಪ್ಪನ ಜೊತೆ ಕಾಡಿಗೆ ಹೋದ ಮೊದಲ ದಿನ ನಮಗೆ ಕೋವಿ ಮುಟ್ಟಲು ಬಿಡಲಿಲ್ಲ, ನೆನಪಿದೆಯಾ? ದುರ್ಬೀನು ಕೈಗೆ ಕೊಟ್ಟು, "ಮೊದ್ಲು ಮಾತಾಡ್ಸಿ. ನೀನ್ಯಾರಮ್ಮ, ನಿಂಗೆಷ್ಟು ವಯಸ್ಸು, ಹಾಲು ಕುಡಿಸ್ತಿದ್ದೀಯಾ, ಎಲ್ಲ ಕೇಳಿ. ಅದು ಹೇಳೋವರೆಗೂ ಸುಮ್ನಿರಿ" ಎಂದ. ನೀನು ನಿಜವಾಗಿಯೂ ಬಾಯಿ ತೆಗೆದು "ನೀನ್ಯಾರು?" ಎಂದು ಕೂಗಿದೆ, ಜಿಂಕೆಗಳೆಲ್ಲ ಓಡಿಹೋದವು. ಅಪ್ಪ ನಕ್ಕು ನಕ್ಕು ಬಂಡೆಯ ಮೇಲೆ ಕೂತುಬಿಟ್ಟ. ಗುಂಡು ಹೊಡೆಯುವ ಮುಂಚೆ ಪ್ರಾಣಿಯನ್ನು ನೋಡಿ ಗುರುತಿಸುವುದಕ್ಕೆ ಮಾತಾಡಿಸುವುದು ಎಂಬ ಪದ ಯಾರು ಹುಟ್ಟಿಸಿದರೋ, ನಿನ್ನಂಥವನು ಅದನ್ನು ಕೇಳಿಸಿಕೊಳ್ಳುತ್ತಾನೆಂದು ಅವರಿಗೆ ಗೊತ್ತಿರಲಿಲ್ಲ.

ಅಷ್ಟು ದೊಡ್ಡ ದುರ್ಬೀನು ಇಟ್ಟುಕೊಂಡು ನನ್ನನ್ನೇಕೆ ಕೇಳುತ್ತೀಯೋ ಗೊತ್ತಿಲ್ಲ. ಇರಲಿ, ನಾನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಎರಡನ್ನೂ ಮುಟ್ಟಬೇಡ.

ನಿನ್ನಕ್ಕ,
ಬುರ್ಗಾ


ಬಿಸಿಲುಬದಿ
೨೪ ಆಗಸ್ಟ್

ಬುರ್ಗಾ,

ಕಾಗದ ತಲುಪಿತು. ನಿನ್ನ ಅಕ್ಷರ ಇರುವೆಯ ಸಾಲಿದ್ದಂತಿದೆ, ಓದುವುದಕ್ಕೆ ಅರ್ಧ ದಿನ ಹಿಡಿಯಿತು. ಓದಿದ ಮೇಲೆ ಏಕೆ ಓದಿದೆನೋ ಎನ್ನಿಸಿತು.

ಆ ಗಂಡಿನ ಕತ್ತು ದಪ್ಪವಾಗಿತ್ತು, ಬೆನ್ನು ಬಗ್ಗಿತ್ತು, ನಡಿಗೆ ಮುದುಕನ ನಡಿಗೆ. ನನ್ನ ಜಾಗದಲ್ಲಿ ಯಾರಿದ್ದರೂ ಹೊಡೆಯುತ್ತಿದ್ದರು. ಚುಕ್ಕೆ ಅಂಟಿಸಿದ್ದಕ್ಕೆ ನನಗೆ ಸಿಟ್ಟು ಬಂದಿದ್ದಲ್ಲ. ಅಂಟಿಸುವಾಗ ನೀನು ನನ್ನ ಮುಖ ನೋಡಲಿಲ್ಲ. ಹೆಬ್ಬೆರಳಿನಿಂದ ಒತ್ತಿ, ಪಕ್ಕದ ಕೊಂಬಿಗೆ ಹೋದೆ. "ವೆಂಡೆಲಿನ್, ಹಲ್ಲು ಹೀಗಿದೆ ಕಣೋ, ಏನ್ಮಾಡ್ಲಿ?" ಎಂದು ಒಂದು ಮಾತು ಕೇಳಿದ್ದರೆ ನಾನೇ ಅಂಟಿಸಿಕೊಳ್ಳುತ್ತಿದ್ದೆ. ಮಾತಾಡಿಸುವುದರ ಬಗ್ಗೆ ನೀನು ನನಗೆ ಪಾಠ ಹೇಳಬೇಡ.

ಇಷ್ಟು ಬರೆಯಬೇಕೆಂದಿರಲಿಲ್ಲ. ಬರೆದಾಯಿತು.

ದೇವದಾರಿನ ಮಾಳದಲ್ಲಿ ದಿನಾ ಬೆಳಿಗ್ಗೆ ಕೂತು ನೋಡುತ್ತಿದ್ದೇನೆ. ಮರಿ ಯಾವಾಗಲೂ ಬೂದಿಮೂತಿಯ ಪಕ್ಕದಲ್ಲೇ ಮಲಗುತ್ತದೆ. ಸೀಳುಗಿವಿ ಬರೀ ಎಲುಬು ಮತ್ತು ಚರ್ಮ, ಅದಕ್ಕೆಲ್ಲಿಯ ಮರಿ? ಗಂಡುಜಿಂಕೆಗಳ ಬೆದೆಯ ಕೂಗಾಟ ಮುಗಿದ ಮೇಲೆ, ಬೆಟ್ಟದ ತುದಿಗೆ ಹಿಮ ಬಿದ್ದ ಮೇಲೆ ಅದನ್ನು ತೆಗೆಯುತ್ತೇನೆ.

ವೆಂಡೆಲಿನ್


ನೆರಳುಬದಿ
೭ ಸೆಪ್ಟೆಂಬರ್

ವೆಂಡೆಲಿನ್,

ಅಕ್ಷರ ದೊಡ್ಡದಾಗಿದೆ ಎಂದು ಗಾಬರಿಯಾಗಬೇಡ. ಕೈ ನಡುಗುತ್ತದೆ ಈಚೆಗೆ, ಸಣ್ಣಗೆ ಬರೆಯಲು ಆಗುವುದಿಲ್ಲ. ದಪ್ಪ ಮೊನೆಯ ಪೆನ್ನು ಎರ್ನಾ ತಂದುಕೊಟ್ಟಳು.

ಎರ್ನಾ ಇನ್ನೊಂದು ಸುದ್ದಿಯನ್ನೂ ತಂದಳು. ಹೋದ ವಾರ ಉದ್ದನೆಯ ಕಪ್ಪು ಕೋಟು ಹಾಕಿಕೊಂಡು ಸೇತುವೆಯ ಮೇಲೆ ಬರುತ್ತಿದ್ದಳಂತೆ. ನೀನು ಎದುರಿಗೆ ಬಂದು ಟೋಪಿ ತೆಗೆದು, "ನಮಸ್ಕಾರ ಪಾದ್ರಿಗಳೇ, ಮಂಡಿನೋವು ಹೇಗಿದೆ?" ಎಂದೆಯಂತೆ. ಅವಳು "ಅಯ್ಯೋ, ಮೂವತ್ತು ವರ್ಷ ಆಯ್ತು ಮದ್ವೆ ಆಗಿ, ಇವ್ರು ಈಗ ನನ್ನ ಪಾದ್ರಿ ಮಾಡಿದ್ರಲ್ಲಮ್ಮಾ!" ಎಂದು ಬಾಗಿಲಲ್ಲೇ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ನಗು ಬರಲಿಲ್ಲ. ಮಂಜಿತ್ತೇನೋ ಅವತ್ತು.

ಜಿಂಕೆಗಳ ವಿಷಯ ಕೇಳು. ನಾನು ಈ ಕಡೆಯ ಬಂಡೆಯ ಮೇಲಿನಿಂದ ಎಂಟು ಹತ್ತು ದಿನ ನೋಡಿದೆ. ಮರಿ ಬೂದಿಮೂತಿಯ ಪಕ್ಕದಲ್ಲಿ ಮಲಗುವುದು ನಿಜ. ಬೂದಿಮೂತಿ ಅದನ್ನು ನೆಕ್ಕುವುದೂ ನಿಜ, ನರಿ ಬಂದಾಗ ಕಾಲು ಕುಟ್ಟುವುದೂ ಅದೇ. ನಾನೂ ಮೊದಲು ಮೋಸಹೋದೆ. ಆದರೆ ಹಾಲು? ಬಿಸಿಲು ಬರುವ ಮುಂಚೆ ಒಂದೇ ಒಂದು ಗಳಿಗೆ, ಪೊದೆಯ ಮರೆಯಲ್ಲಿ ಮರಿ ಹೋಗಿ ಬಾಯಿ ಹಾಕುವುದು ಸೀಳುಗಿವಿಯ ಕೆಚ್ಚಲಿಗೆ. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಕೆಚ್ಚಲು ಕಾಣಿಸುತ್ತದೆ, ಸಣ್ಣದು, ಆದರೆ ಇದೆ. ಬೂದಿಮೂತಿಗೆ ಏನೂ ಇಲ್ಲ. ಮೈಯ ಬಣ್ಣವನ್ನೂ ನೋಡು. ಬೂದಿಮೂತಿ ಬೇಸಿಗೆಯ ಕೆಂಪು ಕೂದಲನ್ನು ಬೇಗ ತೊಟ್ಟು ಮೈತುಂಬಿಕೊಂಡಿತ್ತು. ಹಾಲೂಡುವ ತಾಯಿಗೆ ಅಷ್ಟು ಪುರುಸೊತ್ತು ಎಲ್ಲಿ? ಸೀಳುಗಿವಿ ಎಲುಬಾಗಿರುವುದು ಮುಪ್ಪಿನಿಂದ ಮಾತ್ರವಲ್ಲ, ಅವಳು ತಿಂದದ್ದೆಲ್ಲ ಮರಿಯ ಹೊಟ್ಟೆಗೆ ಹೋಗುತ್ತಿದೆ.

ಹೊಡೆಯಬೇಕಾದದ್ದು ಬೂದಿಮೂತಿ. ಹಲ್ಲು ಸವೆದಿದೆ, ಮೇವು ಬಾಯಿಂದ ಉದುರುತ್ತದೆ, ಈ ಚಳಿಗಾಲ ಅವಳಿಗೆ ಕಷ್ಟ. ಬೇಸರದ ಮಾತು, ಒಳ್ಳೆಯ ಚಿಕ್ಕಮ್ಮ ಅವಳು. ಆದರೆ ಮರಿಗೆ ಬೇಕಾದದ್ದು ತಾಯಿ.

ನಿನ್ನಕ್ಕ,
ಬುರ್ಗಾ


ಬಿಸಿಲುಬದಿ
೨೦ ಸೆಪ್ಟೆಂಬರ್

ಬುರ್ಗಾ,

ಎರ್ನಾ ಬಾಯಿ ಅಂಚೆಪೆಟ್ಟಿಗೆಗಿಂತ ದೊಡ್ಡದು. ಅವತ್ತು ಮಂಜಿತ್ತು.

ನಿನ್ನ ಮಾತನ್ನು ನಾನು ಯಾಕೆ ನಂಬಬೇಕು? ನಿನ್ನ ಕಣ್ಣಿಗೆ ನಾನು ಮಾಡಿದ್ದೆಲ್ಲ ತಪ್ಪೇ. ನಾನು ಬಲ ಎಂದರೆ ನೀನು ಎಡ ಎನ್ನುತ್ತೀಯ. ನಾನು ಸೀಳುಗಿವಿ ಎಂದೆ, ಅದಕ್ಕೇ ನೀನು ಬೂದಿಮೂತಿ ಎಂದೆ. ಮಾಳ ನನ್ನದು, ಗುತ್ತಿಗೆ ನನ್ನದು, ಹೊಡೆಯುವವನೂ ನಾನೇ.

ಹೆಣ್ಣಿಗೆ ಕೊಂಬಿಲ್ಲ, ಗೋಡೆಯ ಮೇಲೆ ಜಾಗವೂ ಇಲ್ಲ. ಈ ಸಲ ಚುಕ್ಕೆ ಅಂಟಿಸುವ ಭಾಗ್ಯ ನಿನಗಿಲ್ಲ.

ವೆಂಡೆಲಿನ್


ನೆರಳುಬದಿ
೨೩ ಸೆಪ್ಟೆಂಬರ್

ವೆಂಡೆಲಿನ್,

ಅವತ್ತು ಮಂಜಿರಲಿಲ್ಲ. ನಾನು ಬಟ್ಟೆ ಒಣಹಾಕಿದ್ದೆ, ನಿನ್ನ ಮನೆಯ ಹೊಗೆ ಇಲ್ಲಿಂದ ಕಾಣುತ್ತಿತ್ತು.

ನಿನ್ನ ಕಾಗದದ ಸಾಲುಗಳು ಎಡದಿಂದ ಬಲಕ್ಕೆ ಜಾರುತ್ತಾ ಹೋಗಿ ಕೊನೆಯ ಪದಗಳು ಹಾಳೆಯಿಂದ ಹೊರಗೆ ಬಿದ್ದಿವೆ. ಒಂದೆರಡು ಕಡೆ ಬರೆದದ್ದರ ಮೇಲೇ ಮತ್ತೆ ಬರೆದಿದ್ದೀಯ. ಶಾಲೆಯಲ್ಲಿ ಚೆಂದದ ಅಕ್ಷರಕ್ಕೆ ಬಹುಮಾನ ತಂದವನು ನೀನು.

ನಿನಗೆ ಎಷ್ಟು ಕಾಣಿಸುತ್ತದೆ? ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡ, ಯಾರ ಹತ್ತಿರವೂ ನಾನು ಬಾಯಿ ಬಿಡುವವಳಲ್ಲ. ಆದರೆ ಸೀಳುಗಿವಿಯ ಮೇಲೆ ಕೋವಿ ಎತ್ತಬೇಡ. ತಾಯಿ ಸತ್ತ ಮರಿಯನ್ನು ಹಿಂಡು ಹತ್ತಿರ ಸೇರಿಸುವುದಿಲ್ಲ ಎಂದು ನಿನಗೆ ಹೊಸದಾಗಿ ಹೇಳಬೇಕೇ? ನಮ್ಮ ಮೇವಿನ ಗೋದಲಿಯ ಹತ್ತಿರ ಹಾಗೆ ನಿಂತ ಒಂದನ್ನು ನಾನು ಕಂಡಿದ್ದೇನೆ. ಉಳಿದವೆಲ್ಲ ಹುಲ್ಲು ತಿನ್ನುತ್ತಿದ್ದವು. ಅದು ಹತ್ತಿರ ಬಂದಾಗಲೆಲ್ಲ ಒದ್ದು ಓಡಿಸಿದವು. ಕೊನೆಗೆ ಅದು ಬರುವುದನ್ನೇ ಬಿಟ್ಟಿತು, ಬೇಲಿಯ ಆಚೆ ಹಿಮದಲ್ಲಿ ಸುಮ್ಮನೆ ನಿಂತಿತ್ತು. ಚಿಕ್ಕಮ್ಮ ಎಷ್ಟೇ ಒಳ್ಳೆಯವಳಾದರೂ ಅಲ್ಲಿ ಅವಳ ಮಾತು ನಡೆಯುವುದಿಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ಇನ್ನೂ ಹನ್ನೊಂದು ವರ್ಷ ಮಾತು ಬಿಡು. ಮರಿಯ ಮೇಲೆ ತೀರಿಸಿಕೊಳ್ಳಬೇಡ.

ಅಕ್ಕ


ಬಿಸಿಲುಬದಿ
೧೯ ಅಕ್ಟೋಬರ್

ಅಕ್ಕಾ,

ಉತ್ತರ ತಡವಾಯಿತು. ಗಂಡುಗಳ ಕೂಗಾಟ ಶುರುವಾಗಿ ಮುಗಿದೂ ಹೋಯಿತು. ಈ ವರ್ಷ ನಾನು ಅವನ್ನು ಕೇಳಿಸಿಕೊಂಡೆ ಅಷ್ಟೇ, ನೋಡಲಿಲ್ಲ.

ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ನೇರ ನೋಡಿದರೆ ನಡುವೆ ಒಂದು ಬೂದು ಕಲೆ, ಸುತ್ತ ಮಾತ್ರ ಕಾಣುತ್ತದೆ. ಜಿಂಕೆ ಎಂದು ಗೊತ್ತಾಗುತ್ತದೆ, ಯಾವ ಜಿಂಕೆ ಎಂದು ಗೊತ್ತಾಗುವುದಿಲ್ಲ. ಪಟ್ಟಣದ ಕಣ್ಣಿನ ಡಾಕ್ಟರಿಗೆ ವಸಂತದಲ್ಲೇ ತೋರಿಸಿದೆ. "ಇದು ನಿಲ್ಲೋದಲ್ಲ ರೈನರ್ ಅವ್ರೇ, ಕಾಣೋವಾಗ್ಲೇ ನೋಡ್ಬೇಕಾದ್ದೆಲ್ಲ ನೋಡ್ಕೊಂಬಿಡಿ" ಎಂದರು. ಊಟಕ್ಕೆ ಕರೆದಷ್ಟು ಸಲೀಸಾಗಿ ಹೇಳಿದರು. ನಾನು ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತಿದ್ದವರು ಯಾರೆಂದು ಸಹ ಗೊತ್ತಾಗಲಿಲ್ಲ. ನಿನಗೆ ಗೊತ್ತಿರುವವರೇ ಇರಬಹುದು.

ಮರಿ ಬೂದಿಮೂತಿಯ ಪಕ್ಕ ಮಲಗುತ್ತದೆ ಎಂದು ಬರೆದೆನಲ್ಲ, ಅದೂ ನಾನು ಕಂಡದ್ದಲ್ಲ. ಹಾಲಿನ ಡೇರಿಯಲ್ಲಿ ಯಾರೋ ಆಡಿಕೊಂಡದ್ದನ್ನು ಕೇಳಿ ಬರೆದೆ. ನನಗೆ ಅಲ್ಲಿ ಕಾಣುವುದು ಎರಡು ಕಂದು ಗುಡ್ಡೆ, ನಡುವೆ ಏನೋ ಅಲುಗಾಡುತ್ತದೆ. ಮೊದಲ ಕಾಗದ ಬರೆದದ್ದೂ ಅದಕ್ಕೇ. ನನಗೆ ಹೆದರಿಕೆಯಾಗಿತ್ತು. ಕೇಳುವುದಕ್ಕೆ ಈ ಕಣಿವೆಯಲ್ಲಿ ನೀನೊಬ್ಬಳೇ ಇದ್ದೆ, ನಿನ್ನನ್ನು ಕೇಳುವುದಕ್ಕೆ ನಾಲಿಗೆ ಬರಲಿಲ್ಲ. 'ಶ್ರೀಮತಿ' ಎಂದರೆ ಕೇಳಿದಂತಾಗುವುದಿಲ್ಲ ಎಂದುಕೊಂಡೆ.

ಕೋವಿಯನ್ನು ಗೋಡೆಗೆ ತೂಗುಹಾಕಿಬಿಡುತ್ತೇನೆ. ಆದರೆ ನನ್ನ ಕೊನೆಯ ಬೇಟೆ ಆ ಕೆಂಪು ಚುಕ್ಕೆಯ ಗಂಡಿನ ಹಾಗೆ ಆಗಬಾರದು. ಆಮೇಲೆ ಎಷ್ಟೋ ಹೊಡೆದಿದ್ದೇನೆ, ಎಲ್ಲ ಸರಿಯಾದವೇ. ಕಣ್ಣು ಮುಚ್ಚಿದರೆ ಕಾಣುವುದು ಮಾತ್ರ ಅದೊಂದೇ. ಇನ್ನೊಂದೇ ಒಂದು ಸಲ, ಸರಿಯಾದದ್ದನ್ನು ಹೊಡೆದು ಮುಗಿಸಬೇಕೆಂದು ಆಸೆ. ಹತ್ತಿರ ಬಂದರೆ ಭುಜ ಎಲ್ಲಿದೆ ಎಂದು ನನಗಿನ್ನೂ ಗೊತ್ತಾಗುತ್ತದೆ. ಯಾವುದೆಂದು ಯಾರಾದರೂ ಹೇಳಬೇಕು.

ಯಾರಾದರೂ ಅಲ್ಲ. ನೀನು.

ವೆಂಡೆಲಿನ್


ನೆರಳುಬದಿ
೨೪ ಅಕ್ಟೋಬರ್

ವೆಂಡೆಲಿನ್,

ಗುರುವಾರ ಬೆಳಕು ಹರಿಯುವ ಮುಂಚೆ ದೇವದಾರಿನ ಮಾಳದ ಮಂಚಿಕೆಯಲ್ಲಿ ಇರುತ್ತೇನೆ. ನೀನು ಕಾಲುದಾರಿಯಲ್ಲೇ ಬಾ, ಹೊಸ ಕಟ್ಟಿಗೆ ಕಡಿದುಹಾಕಿದ್ದಾರೆ, ಎಡವಬೇಡ. ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕು. ನಿನಗೆ ಚಿಕ್ಕಂದಿನಿಂದ ಪಾದ ತಣ್ಣಗಾದರೆ ಕೆಮ್ಮು.

ನನ್ನ ಷರತ್ತು ಕೇಳು. ನಾನು ನಿನ್ನ ಹೆಗಲ ಮೇಲೆ ಕೈ ಇಡುವವರೆಗೆ ಕೋವಿಗೆ ಗುಂಡು ತುಂಬಬಾರದು. ಮಾಳದ ನಡುವಿನ ಕಲ್ಲಿನ ಈಚೆಗೆ ಜಿಂಕೆ ಬಂದರೆ ಮಾತ್ರ ಗುಂಡು, ಆಚೆಗಿದ್ದರೆ ನಾವು ಮನೆಗೆ. ನಾನು ಕೈ ತೆಗೆದರೆ ಬೆರಳು ಹೊರಗೆ. ಯಾಕೆ ಏನು ಎಂದು ವಾದ ಮಾಡುವ ಹಾಗಿಲ್ಲ.

ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ನಾನು ಅಲ್ಲಿ ಬಾಯಿ ಬಿಟ್ಟರೆ ಜಿಂಕೆಯನ್ನು ಮಾತಾಡಿಸುತ್ತಿದ್ದೇನೆ ಎಂದು ತಿಳಿ, ನಿನ್ನನ್ನಲ್ಲ. ನಿನ್ನ ವ್ರತಕ್ಕೆ ಭಂಗವಿಲ್ಲ.

ಅಕ್ಕ


ಬಿಸಿಲುಬದಿ
೩ ನವೆಂಬರ್

ಅಕ್ಕಾ,

ನಿನ್ನೆ ಸ್ಮಶಾನದಲ್ಲಿ ಅಪ್ಪ ಅಮ್ಮನ ಗೋರಿಗೆ ದೀಪ ಹಚ್ಚುವಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಹೆಜ್ಜೆಯ ಸದ್ದಿನಿಂದ ಗೊತ್ತಾಯಿತು. ಇಬ್ಬರೂ ಏನೂ ಹೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಆ ಗುರುವಾರ ಮಂಚಿಕೆಯ ಏಣಿ ಹತ್ತುವಾಗಲೇ ನಿನ್ನ ಬಟ್ಟೆಯ ವಾಸನೆ ಬಂತು, ಹೊಗೆ ಮತ್ತು ಕರ್ಪೂರ. ಅಮ್ಮನ ಪೆಟ್ಟಿಗೆಯ ವಾಸನೆ. ಅರ್ಧ ಏಣಿಯಲ್ಲಿ ನಿಂತುಬಿಟ್ಟೆ. ನೀನು ಕೈ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹತ್ತಿ ಕೂತೆ.

ಅವು ಬಂದದ್ದು ನಿನಗಿಂತ ಮೊದಲು ನನಗೆ ಗೊತ್ತಾಯಿತು, ಗೊರಸಿನ ಕೆಳಗೆ ಹೆಪ್ಪುಗಟ್ಟಿದ ಹುಲ್ಲು ಪುಡಿಯಾಗುವ ಸದ್ದು. ಆಮೇಲೆ ಎರಡು ಗುಡ್ಡೆ ಕಂಡವು. ಬಲಗಡೆಯದು ಮುಂದೆ ಬಂದು ನಿಂತಿತು. ಅದೇ ಬೂದಿಮೂತಿ ಎಂದು ನನ್ನ ಮನಸ್ಸು ಹೇಳಿತು. ಅದರ ನಡಿಗೆ, ಅದರ ಕತ್ತು. ನಾನು ನಿನ್ನ ಷರತ್ತು ಮುರಿದಿರಲಿಲ್ಲ, ಗುಂಡು ತುಂಬಿರಲಿಲ್ಲ, ಆದರೆ ಕೋವಿಯ ಮೂತಿ ಅದರ ಮೇಲೇ ಇತ್ತು. ಆಗ ನೀನು ಕಿವಿಯಲ್ಲಿ ಹೇಳಿದೆ: "ಬಲಗಡೆಯವಳೇ, ನಿನ್ನ ಕಿವಿ ಸೀಳಿದೆ. ಮರಿ ನಿನ್ನ ಹೊಟ್ಟೆ ಕೆಳಗೆ ತಲೆ ಹಾಕಿದೆ. ನೀನು ಹೋಗಮ್ಮ."

ಕೋವಿಯ ಮೂತಿ ಕೆಳಗಿಳಿಸಿದೆ. ಒಬ್ಬನೇ ಬಂದಿದ್ದರೆ ಸೀಳುಗಿವಿಯನ್ನೇ ಹೊಡೆದಿರುತ್ತಿದ್ದೆ, ಬೂದಿಮೂತಿ ಎಂದುಕೊಂಡು. ನಿನ್ನ ಮಾತು ಕೇಳಿಯೇ ಹೊಡೆಯುತ್ತಿದ್ದೇನೆ ಎಂದುಕೊಂಡು, ಮರಿಯ ಎದುರಿಗೇ.

ಬಲಗಡೆಯ ಗುಡ್ಡೆ ದೂರ ಸರಿಯಿತು. ಆಮೇಲೆ ಹೆಗಲ ಮೇಲೆ ನಿನ್ನ ಕೈ ಬಂತು. ಗುಂಡು ತುಂಬಿದೆ. "ಎಡಗಡೆಯವಳೇ, ಒಂಟಿಯಾಗಿ ಬಂದೆಯಾ? ಮೂತಿ ಪೂರ್ತಿ ಬೂದಿ. ಹಾಲಿಲ್ಲ ನಿನಗೆ. ಹಿಂದೆ ಯಾರೂ ಇಲ್ಲ. ಅಡ್ಡ ನಿಂತಿದ್ದೀಯ ತಾಯಿ. ಹೀಗೇ ನಿಲ್ಲು" ಎಂದೆ. ನಾನು ಹೊಡೆದೆ.

ಅವಳು ನಿಂತಲ್ಲೇ ಬಿದ್ದಳು. ನೀನು ಸ್ಪ್ರೂಸ್ ಮರದ ಒಂದು ಚಿಗುರು ಮುರಿದು ಅವಳ ಬಾಯಿಗೆ ಕೊನೆಯ ತುತ್ತು ಇಟ್ಟದ್ದು ಕಾಣಿಸದಿದ್ದರೂ ಗೊತ್ತಾಯಿತು, ನಿನ್ನ ಮಂಡಿ ಸದ್ದು ಮಾಡಿತು. ಇನ್ನೊಂದು ಚಿಗುರನ್ನು ಅವಳ ರಕ್ತಕ್ಕೆ ಸೋಕಿಸಿ ನಿನ್ನ ಟೋಪಿಯ ಮೇಲಿಟ್ಟು ನನ್ನ ಮುಂದೆ ಹಿಡಿದೆ. ಅಲ್ಲಿ ಇಬ್ಬರೂ ಸಿಕ್ಕಿಕೊಂಡೆವು. ಅಪ್ಪನ ಕಾಲದಿಂದ ಅದಕ್ಕೊಂದು ಮಾತಿದೆ, ಅದಕ್ಕೊಂದು ಉತ್ತರವಿದೆ. ಉತ್ತರ ಕೊಡದಿದ್ದರೆ ಅವಮಾನ ನಿನಗಲ್ಲ, ಬಿದ್ದವಳಿಗೆ.

"ಬೇಟೆಗೆ ಶುಭ" ಎಂದೆ ನೀನು.

"ಬೇಟೆಗೆ ಋಣಿ" ಎಂದೆ ನಾನು.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಷ್ಟೇ. ನೀನು ಹೊಳೆಯ ಕಡೆ ಇಳಿದೆ.

ನೀನು ಹೋದ ಮೇಲೆ ನಾನೇ ಕೈಯಿಂದ ತಡವಿ ನೋಡಿದೆ. ಕೆಚ್ಚಲು ಒಣಗಿದ ಚರ್ಮ, ಹನಿ ಹಾಲಿಲ್ಲ. ಬಾಯೊಳಗೆ ಹೆಬ್ಬೆರಳು ಹಾಕಿದೆ. ದವಡೆ ಹಲ್ಲು ಒಸಡಿನ ಮಟ್ಟಕ್ಕೆ ಸವೆದು ಹೊಳೆಯ ಕಲ್ಲಿನಷ್ಟು ನುಣ್ಣಗಾಗಿತ್ತು. ಈ ಚಳಿಗಾಲದಲ್ಲಿ ಹಸಿದು ಸಾಯುತ್ತಿದ್ದಳು. ಅವಳ ಕತ್ತಿನ ಮೇಲೆ ಕೈ ಇಟ್ಟುಕೊಂಡು ಬಿಸಿ ಆರುವವರೆಗೆ ಕೂತಿದ್ದೆ. ಅವಳಿಗೂ ಏನೋ ಹೇಳಿದೆ, ಅದನ್ನು ಬರೆಯುವುದಿಲ್ಲ.

ಲಿವರ್ ಎರ್ನಾ ಕೈಯಲ್ಲಿ ಅವತ್ತೇ ಕಳಿಸಿದ್ದೆ. ನೀನು ಈರುಳ್ಳಿಯಲ್ಲಿ ಹುರಿದುಕೊಂಡೆ ಎಂದುಕೊಳ್ಳುತ್ತೇನೆ. ಕೋವಿ ಗೋಡೆಗೆ ಹೋಯಿತು.

ಒಂದೇ ಒಂದು ನನಗೆ ಗೊತ್ತಿಲ್ಲ. ಗುಂಡಿನ ಸದ್ದಿಗೆ ಅವು ಓಡಿದಾಗ ಮರಿ ಯಾರ ಹಿಂದೆ ಓಡಿತು? ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ರಾತ್ರಿ ಮಲಗಿದರೆ ಅದೇ ಯೋಚನೆ. ಅದು ಚಿಕ್ಕಮ್ಮ ಬಿದ್ದ ಜಾಗಕ್ಕೆ ವಾಪಸು ಬಂದು ನಿಂತಿದ್ದರೆ?

ವೆಂಡೆಲಿನ್


ನೆರಳುಬದಿ
೧೮ ಜನವರಿ ೧೯೮೭

ವೆಂಡೆಲಿನ್,

ನೀನು ಕೇಳಿದ್ದಕ್ಕೆ ಅವತ್ತೇ ಉತ್ತರ ಬರೆಯಬಹುದಿತ್ತು. ಅದು ಸೀಳುಗಿವಿಯ ಹಿಂದೆಯೇ ಓಡಿತ್ತು. ಆದರೆ ಓಡುವುದು ಬೇರೆ, ಚಳಿಗಾಲ ದಾಟುವುದು ಬೇರೆ. ಅರ್ಧ ಗೊತ್ತಿದ್ದದ್ದನ್ನು ಹೇಳಿ ನಿನ್ನನ್ನು ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಹಲ್ಲು ನೋಡದೆ ವಯಸ್ಸು ಹೇಳುವವಳಲ್ಲ. ಕಾಯಿಸಿದ್ದಕ್ಕೆ ಬೈದುಕೋ.

ಕ್ರಿಸ್ಮಸ್ ಆದ ಮೇಲೆ ಬಿದ್ದ ಹಿಮಕ್ಕೆ ನಮ್ಮ ಕೊಟ್ಟಿಗೆಯ ಬಾಗಿಲು ಅರ್ಧ ಮುಚ್ಚಿದೆ. ಮೇವಿನ ಗೋದಲಿಗೆ ಹುಲ್ಲು ಹೊತ್ತು ಹೊತ್ತು ನನ್ನ ಸೊಂಟ ಮುರಿದಿದೆ. ಇವತ್ತು ಬೆಳಿಗ್ಗೆ ಬಂಡೆಯ ಹಿಂದೆ ಕೂತು ನೋಡಿದೆ. ಹಿಂಡೆಲ್ಲ ಬಂತು. ಎಲ್ಲಕ್ಕಿಂತ ಕೊನೆಗೆ ಸೀಳುಗಿವಿ, ನೋಡಿದರೆ ಅಯ್ಯೋ ಎನಿಸಬೇಕು ಹಾಗಿದ್ದಾಳೆ, ಆದರೆ ನಿಂತಿದ್ದಾಳೆ. ಅವಳ ಪಕ್ಕೆಗೆ ಅಂಟಿಕೊಂಡು ಮರಿ. ಒಂದು ಕೊಬ್ಬಿದ ಹೆಣ್ಣು ಮರಿಯ ಕಡೆ ಕಿವಿ ಹಿಂದೆ ಮಾಡಿ ಬಂತು. ಸೀಳುಗಿವಿ ಮುಂಗಾಲು ಎತ್ತಿ ಕೊಟ್ಟಳು ನೋಡು ಒಂದು! ಆ ದಪ್ಪಗಿನವಳು ನಾಲ್ಕು ಹೆಜ್ಜೆ ಹಿಂದೆ ಹೋದಳು. ಮರಿ ಆರಾಮವಾಗಿ ಹುಲ್ಲು ತಿಂದಿತು. ನಾನು ಬಂಡೆಯ ಹಿಂದೆ ಒಬ್ಬಳೇ ಚಪ್ಪಾಳೆ ತಟ್ಟಿದೆ, ಎಲ್ಲ ಓಡಿಹೋದವು. ಅಪ್ಪ ಇದ್ದಿದ್ದರೆ ನನ್ನನ್ನು ನೋಡಿಯೂ ನಗುತ್ತಿದ್ದ.

ವಸಂತದ ಗೋಡೆಯ ಮೇಲೆ ಹೆಣ್ಣಿಗೆ ಜಾಗವಿಲ್ಲ ಎಂದು ನೀನು ಬರೆದಿದ್ದೆ. ಹೌದು, ಇಲ್ಲ. ಅದಕ್ಕೆ ಈ ಕಾಗದದ ಕೆಳಗೆ ಒಂದು ಚುಕ್ಕೆ ಅಂಟಿಸಿದ್ದೇನೆ. ಡಬ್ಬಿಯಲ್ಲಿ ಹಳೆಯವು ಉಳಿದಿದ್ದವು. ಈ ಸಲ ಅಂಟಿಸುವಾಗ ನಿನ್ನ ಮುಖ ನೋಡಬೇಕೆಂದು ಆಸೆಯಾಯಿತು. ಆವತ್ತು ಹಜಾರದಲ್ಲಿ ಯಾಕೆ ನೋಡಲಿಲ್ಲ ಗೊತ್ತಾ? ನೋಡಿದ್ದರೆ ನನ್ನ ಕೈ ಹಸಿರು ಚುಕ್ಕೆಯ ಡಬ್ಬಿಗೆ ಹೋಗುತ್ತಿತ್ತು.

ಅಕ್ಕ


ಬಿಸಿಲುಬದಿ
೨೫ ಜನವರಿ

ಅಕ್ಕಾ,

ಮರಿಯ ಸುದ್ದಿ ಓದಿದ ದಿನ ಮೇಜಿನ ಮೇಲೆ ತಲೆಯಿಟ್ಟು ಮಕ್ಕಳ ಹಾಗೆ ಅತ್ತೆ. ಆಮೇಲೆ ಎದ್ದು ದೊಡ್ಡ ಊಟ ಮಾಡಿದೆ. ಬೂದಿಮೂತಿಯ ಮಾಂಸವನ್ನು ಹೊಗೆಗೆ ಹಾಕಿಟ್ಟಿದ್ದೆ, ಅದನ್ನು ಕುಯ್ದು ತಿಂದೆ.

ಇನ್ನೊಂದು ವಿಷಯ. ಕೈ ನಡುಗುತ್ತದೆ, ಅದಕ್ಕೇ ಅಕ್ಷರ ದೊಡ್ಡದು ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆಯಲ್ಲ. ಆ ಬೆಳಿಗ್ಗೆ ನನ್ನ ಹೆಗಲ ಮೇಲೆ ಬಹಳ ಹೊತ್ತು ಇತ್ತು ನಿನ್ನ ಕೈ. ಒಂದಿಷ್ಟೂ ನಡುಗಲಿಲ್ಲ. ಜನ್ಮದಲ್ಲಿ ನೀನು ಹೇಳಿದ ಸುಳ್ಳು ಅದೊಂದೇ ಇರಬೇಕು, ಅದನ್ನೂ ಸರಿಯಾಗಿ ಹೇಳಲು ಬರಲಿಲ್ಲ.

ಈಗ ಆ ದೊಡ್ಡ ಅಕ್ಷರವೂ ನನಗೆ ಕಿಟಕಿಯ ಹತ್ತಿರ ಮಧ್ಯಾಹ್ನದ ಬೆಳಕಿನಲ್ಲಿ ಮಾತ್ರ ಸಿಗುತ್ತದೆ. ಕಾಗದದ ಕೆಳಗೆ ಬೆರಳಾಡಿಸಿದೆ, ಚುಕ್ಕೆ ಸಿಕ್ಕಿತು. ದುಂಡಗೆ, ಅಂಚು ಸ್ವಲ್ಪ ಎದ್ದಿದೆ. ಬಣ್ಣ ಮಾತ್ರ ಗೊತ್ತಾಗಲಿಲ್ಲ. ನನಗೆ ಈಗ ಬಣ್ಣಗಳೆಲ್ಲ ಒಂದೇ. ಎರ್ನಾ ಎದುರಿಗೇ ನಿಂತಿದ್ದಳು, "ಏನ್ ಬಣ್ಣ ಅಂತ ಹೇಳ್ಲಾ?" ಎಂದು ಬಾಯಿ ತೆಗೆದಳು. "ಬಾಯ್ಮುಚ್ಚು ಪಾದ್ರಿ" ಎಂದೆ. ಇದನ್ನು ನಾನು ಬೇರೆಯವರ ಬಾಯಿಂದ ಕೇಳುವುದಿಲ್ಲ.

ನೀನೇ ಬಂದು ಹೇಳು. ಭಾನುವಾರ ಚರ್ಚು ಮುಗಿದ ಮೇಲೆ ಸೇತುವೆ ದಾಟಿ ನೇರ ಇಲ್ಲಿಗೇ ಬಾ. ಬಾಗಿಲಿನ ಹಿಮ ಗೋರಿಸಿಟ್ಟಿರುತ್ತೇನೆ. ಬಾಗಿಲಲ್ಲಿ ಯಾರೆಂದು ನನಗೆ ಕಾಣುವುದಿಲ್ಲ, ಅದಕ್ಕೆ ಮೊದಲು ನೀನು ಮಾತಾಡಿಸು.

ಕೆಂಪಾಗಿದ್ದರೂ ಕಾಫಿ ಕೊಡುತ್ತೇನೆ.

ತಮ್ಮ